ನಾಣ್ಯವೂ ಚೀಟಿಯೂ

ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸವುಳ್ಳವರು ನನ್ನನ್ನು ಕಂಡಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಮೇಷ್ಟ್ರೇ, ಇದಕ್ಕೆ ಬೆಲೆ ಎಷ್ಟು ಬಂದೀತು?” ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಶಾಸನಗಳಲ್ಲಿ ಬರುವ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುತ್ತ ಹೇಳುತ್ತ ನಾಣ್ಯಗಳ ಹತ್ತಿರಕ್ಕೆ ಬಂದವನು. ಆದರೆ ಇನ್ನೊಂದು ಪ್ರಶ್ನೆಯಿದೆ; ಅದನ್ನು ಯಾರೂ ಕೇಳುವುದಿಲ್ಲ. “ಇದನ್ನು ಎಲ್ಲಿಡಲಿ, ಹೇಗಿಡಲಿ?” ಎಂಬುದು ಆ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಅರ್ಹತೆ ನನಗೆ ಸ್ವಲ್ಪಮಟ್ಟಿಗೆ ಉಂಟು. ಏಕೆಂದರೆ ಇಡಬಾರದ ಕಡೆ ಇಟ್ಟು, ಮಾಡಬಾರದ್ದನ್ನು ಮಾಡಿ, ನಾಣ್ಯಗಳನ್ನು ಕೆಡಿಸಿದವನು ನಾನು.

ನಾಣ್ಯಗಳನ್ನು ಕಾಪಾಡುವುದರಲ್ಲಿ ನಮ್ಮೆಲ್ಲರಿಗಿಂತ ಹಳೆಯ ಅನುಭವವಿರುವುದು ಭೂಮಿಗೆ. ವಿಜಯನಗರದ ಕಾಲದ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗಗಳ ಪಟ್ಟಿ ಗೊತ್ತಿರುತ್ತದೆ. ಅದರಲ್ಲಿ ನಿಧಿ, ನಿಕ್ಷೇಪ ಎಂಬ ಎರಡು ಹಕ್ಕುಗಳು ಜೊತೆಜೊತೆಯಾಗಿ ಬರುತ್ತವೆ. ನೆಲದೊಳಗೆ ಹಣವನ್ನು ಹೂಳುವುದು ಆಗ ಎಷ್ಟು ಸಹಜವಾಗಿತ್ತೆಂದರೆ, ಭೂಮಿಯನ್ನು ದಾನ ಕೊಡುವಾಗ ಅದರ ಹೊಟ್ಟೆಯಲ್ಲಿರಬಹುದಾದ ಧನವನ್ನೂ ಸೇರಿಸಿಯೇ ಕೊಡುತ್ತಿದ್ದರು. ಭೂಮಿ ಆ ನಂಬಿಕೆಗೆ ದ್ರೋಹ ಬಗೆಯಲಿಲ್ಲ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲುಹಾದಿಯ ಕೆಲಸಕ್ಕಾಗಿ ನೆಲ ಅಗೆದಾಗ ೧೬೩ ಬೆಳ್ಳಿಯ ನಾಣ್ಯಗಳು ದೊರೆತವು. ಆಗಸ್ಟಸ್, ಟೈಬೀರಿಯಸ್ ಮೊದಲಾದ ರೋಮಿನ ಚಕ್ರವರ್ತಿಗಳ ನಾಣ್ಯಗಳು ಅವು. ೧೯೬೫ರಲ್ಲಿ ಅದೇ ಬೆಂಗಳೂರಿನ ವಿಮಾನ ಕಾರ್ಖಾನೆಯ ಬಳಿ ೨೫೬ ರೋಮನ್ ಬೆಳ್ಳಿನಾಣ್ಯಗಳು ಸಿಕ್ಕವು. ಸುಮಾರು ಎರಡು ಸಾವಿರ ವರ್ಷ ಹಳೆಯ ಈ ನಾಣ್ಯಗಳ ಮೇಲೆ ಚಕ್ರವರ್ತಿಗಳ ಮುಖಗಳನ್ನು ಗುರುತಿಸಬಹುದಾಗಿತ್ತು, ಹೆಸರುಗಳನ್ನು ಓದಬಹುದಾಗಿತ್ತು.

ಮಣ್ಣಿನೊಳಗಿನ ನಾಣ್ಯ ಸುತ್ತಲಿನ ಮಣ್ಣು, ನೀರು, ಲವಣಗಳೊಡನೆ ಮೊದಮೊದಲು ಸೆಣಸುತ್ತದೆ. ಕಾಲಕ್ರಮದಲ್ಲಿ ಅದರ ಮೇಲೆ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟೋ ವೇಳೆ ಒಂದು ರಾಜಿ ಏರ್ಪಟ್ಟು, ಕೆಡುವುದು ಬಹಳ ನಿಧಾನವಾಗುತ್ತದೆ. ತಾಮ್ರದ ಮೇಲೆ ಗಟ್ಟಿಯಾಗಿ ಕುಳಿತ ಹಸಿರು ಅಥವಾ ಕಂದು ಬಣ್ಣದ ಪೊರೆ ಅಂಥದು. ನಾವು ಅದನ್ನು ಕೊಳೆ ಎಂದು ತಿಳಿಯುತ್ತೇವೆ. ನಿಜವಾಗಿ ಅದು ಚರ್ಮ. ಗುದ್ದಲಿಯ ಏಟಿಗೆ ನಾಣ್ಯ ಬೆಳಕಿಗೆ ಬಂದ ದಿನ ಆ ರಾಜಿ ಮುರಿದುಬೀಳುತ್ತದೆ. ಗಾಳಿ, ತೇವ, ಬೆವರಿದ ಕೈ, ಪೆಟ್ಟಿಗೆ, ಕಾಗದ ಇವೆಲ್ಲ ಒಮ್ಮೆಗೇ ಅದರ ಮೇಲೆ ಕೆಲಸ ಮಾಡತೊಡಗುತ್ತವೆ. ಸಾವಿರ ವರ್ಷ ಬಾಳಿದ್ದು ಇಪ್ಪತ್ತು ವರ್ಷಗಳಲ್ಲಿ ಹಾಳಾಗಬಹುದು.

ಇದನ್ನು ನಾನು ಕಲಿತ ಬಗೆಯನ್ನು ಹೇಳಬೇಕು. ನಮ್ಮ ಅಜ್ಜಯ್ಯ ಮಲೆನಾಡಿನಲ್ಲಿ, ಹೊಸನಗರ ಸೀಮೆಯ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದರು. ತೋಟ ಅಗೆಯುವಾಗ, ಕೆರೆಯ ಹೂಳು ತೆಗೆಯುವಾಗ, ಹಳೆಯ ಗೋಡೆ ಬಿದ್ದಾಗ ಸಿಕ್ಕ ಬಿಡಿ ಕಾಸುಗಳನ್ನು ಜನ ಅವರಿಗೆ ತಂದು ತೋರಿಸುತ್ತಿದ್ದರು. ಕೆಲವನ್ನು ಅವರಲ್ಲೇ ಬಿಟ್ಟುಹೋಗುತ್ತಿದ್ದರು. ಅವರು ಒಂದೊಂದನ್ನೂ ಮೆತ್ತನೆಯ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಗಂಟಿನೊಳಗೆ ಒಂದು ಚೀಟಿ ಸೇರಿಸಿ, ಹಲಸಿನ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅಂಥ ನಲವತ್ತೊಂದು ಗಂಟುಗಳಿದ್ದವು.

ನನಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗ ಒಂದು ದೀಪಾವಳಿ. ಅಮ್ಮ ಹಿತ್ತಲಲ್ಲಿ ಕುಳಿತು ದೇವರ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ಮಂಕಾಗಿದ್ದ ತಾಮ್ರದ ತಂಬಿಗೆ ಅವಳ ಕೈಯಲ್ಲಿ ಉದಯಸೂರ್ಯನಂತೆ ಕೆಂಪಾಗುವುದನ್ನು ನೋಡಿ ನನಗೆ ಉತ್ಸಾಹ ಬಂತು. ಪೆಟ್ಟಿಗೆಯಿಂದ ಐದು ತಾಮ್ರದ ಕಾಸುಗಳನ್ನು ಕದ್ದು ತಂದು, ಹುಣಸೆಹಣ್ಣಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ಮನಸ್ಸಿಗೆ ತೃಪ್ತಿಯಾಗುವವರೆಗೆ ಉಜ್ಜಿದೆ. ಲಕ್ಷ್ಮೀಪೂಜೆಗೆ ಇಟ್ಟರೆ ಎಲ್ಲರೂ ಮೆಚ್ಚಿಕೊಳ್ಳುತ್ತಾರೆಂದು ಅಜ್ಜಯ್ಯನ ಮುಂದೆ ಹಿಡಿದೆ. ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹೋಗಿ, ಒಂದೊಂದನ್ನೂ ಹೊರಳಿಸಿ ನೋಡಿದರು. “ಹೊಳೆಯುವುದೇನೋ ಹೊಳೆಯುತ್ತದೆ, ಮಾಣಿ. ನಗರ ಎಲ್ಲಿ ಹೋಯಿತು?” ಎಂದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವು ಟಿಪ್ಪು ಸುಲ್ತಾನನ ಕಾಲದ ಆನೆಯ ಕಾಸುಗಳು. ಒಂದು ಕಡೆ ಆನೆ. ಇನ್ನೊಂದು ಕಡೆ ಪಾರಸಿ ಅಕ್ಷರಗಳಲ್ಲಿ ಟಂಕಿಸಿದ ಊರಿನ ಹೆಸರು. ೧೭೬೩ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ. ಅದೇ ಇಂದಿನ ನಗರ. ಅಲ್ಲಿ ಒಂದು ಟಂಕಸಾಲೆಯಿತ್ತು. ಶ್ರೀರಂಗಪಟ್ಟಣದ ಟಂಕಸಾಲೆಯ ಕಾಸಿನ ಮೇಲೆ ‘ಪಟ್ಟಣ’ ಎಂದೂ ನಗರದ ಕಾಸಿನ ಮೇಲೆ ‘ನಗರ’ ಎಂದೂ ಇರುತ್ತದೆ. ಹಿಜರಿ ಶಕವನ್ನು ಬಿಟ್ಟು ಪ್ರವಾದಿಯ ಜನ್ಮದಿಂದ ಎಣಿಸುವ ಮೌಲೂದಿ ಶಕವನ್ನು ಟಿಪ್ಪು ಜಾರಿಗೆ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವಂತೆ ಅಚ್ಚುಹಾಕಿಸಿದ. ಪೈಸೆಗೆ ಶುಕ್ರಗ್ರಹದ ಹೆಸರನ್ನು, ಅರ್ಧ ಪೈಸೆಗೆ ಮಂಗಳನ ಹೆಸರನ್ನು ಕೊಟ್ಟ. ಇಷ್ಟೆಲ್ಲ ಇತಿಹಾಸ ಎಷ್ಟು ದಪ್ಪದಲ್ಲಿದೆ? ಉಗುರಿನಷ್ಟೂ ಇಲ್ಲ. ೧೯೨೧ರಲ್ಲಿ ಹೆಂಡರ್ಸನ್ ಎಂಬ ವಿದ್ವಾಂಸರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಗ್ರಂಥವನ್ನು ಪ್ರಕಟಿಸಿ, ಊರು ಊರಿನ ಟಂಕಸಾಲೆಗಳನ್ನೂ ವರ್ಷಗಳನ್ನೂ ವಿಂಗಡಿಸಿ ತೋರಿಸಿದರಷ್ಟೆ. ಅದು ಸಾಧ್ಯವಾದದ್ದು ಆ ಅಕ್ಷರಗಳು ಉಳಿದಿದ್ದುದರಿಂದ. ಅಜ್ಜಯ್ಯ ಪಕ್ಕದ ಊರಿನ ಉರ್ದು ಶಾಲೆಯ ಮೇಷ್ಟರಿಂದ ಓದಿಸಿ ಇಟ್ಟಿದ್ದ ಆ ಐದು ಕಾಸುಗಳ ಅಕ್ಷರಗಳನ್ನು ನಾನು ನೆರೆಮನೆಯ ಬಾವಿಕಟ್ಟೆಯ ಮೇಲೆ ತೊಳೆದು ಚೆಲ್ಲಿದ್ದೆ. ಹುಣಸೆಯ ಹುಳಿ ಪೊರೆಯನ್ನು ಕರಗಿಸಿತು. ಬೂದಿಯ ಗರಸು ಅಕ್ಷರವನ್ನು ಸವೆಸಿತು.

ಆದ್ದರಿಂದ ಸಂಗ್ರಾಹಕನಿಗೆ ಮೊದಲ ಉಪಕರಣ ಯಾವುದು ಎಂದು ಕೇಳಿದರೆ, ಸುಮ್ಮನಿರಬಲ್ಲ ಕೈ ಎನ್ನುತ್ತೇನೆ. ನಾಣ್ಯವನ್ನು ತಿಕ್ಕಬಾರದು. ಹುಣಸೆ, ನಿಂಬೆ, ಹಲ್ಲುಪುಡಿ, ಪೇಟೆಯಲ್ಲಿ ಸಿಗುವ ಹೊಳಪಿನ ಪುಡಿ ಯಾವುದೂ ಬೇಡ. ನಾಣ್ಯವನ್ನು ಹಿಡಿಯುವಾಗ ಅದರ ಅಂಚನ್ನು ಮಾತ್ರ ಹಿಡಿಯಬೇಕು; ಮುಖಕ್ಕೆ ಬೆರಳು ತಾಗಕೂಡದು. ಬೆವರಿನ ಉಪ್ಪು, ಚರ್ಮದ ಜಿಡ್ಡು ಲೋಹದ ಮೇಲೆ ಬೆರಳಚ್ಚಾಗಿ ಶಾಶ್ವತವಾಗಿ ಉಳಿಯುತ್ತವೆ. ನೋಡುವಾಗ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿಕೊಳ್ಳಬೇಕು. ನಮ್ಮ ಕಂಠೀರವ ನರಸರಾಜ ಒಡೆಯರ ಕಂಠೀರಾಯ ಹಣವನ್ನು ನೀವು ನೋಡಿರಬಹುದು. ನರಸಿಂಹನ ಮೂರ್ತಿಯುಳ್ಳ ಆ ಚಿನ್ನದ ಹಣ ಅರ್ಧ ಗ್ರಾಮೂ ತೂಗುವುದಿಲ್ಲ. ಅಂಥದು ಕೈಜಾರಿ ನೆಲಕ್ಕೆ ಬಿದ್ದರೆ ಹುಡುಕುವುದಕ್ಕೆ ಒಂದು ದಿನ ಬೇಕು. ಇಂಥ ಪುಟ್ಟ ಹಣಗಳನ್ನು ಎಣಿಸುವುದಕ್ಕೆ ತಿರುವಾಂಕೂರಿನಲ್ಲಿ ಸಾಲುಸಾಲಾಗಿ ಕುಳಿ ಕೊರೆದ ಮರದ ಹಲಗೆಗಳನ್ನೇ ಇಟ್ಟುಕೊಂಡಿದ್ದರು. ಒಂದು ಹಿಡಿ ಹಣ ಚೆಲ್ಲಿ ಹಲಗೆಯನ್ನು ಅಲುಗಿಸಿದರೆ, ಕುಳಿಗೊಂದರಂತೆ ಕುಳಿತುಕೊಳ್ಳುತ್ತಿದ್ದವು.

ಕುಳಿ ಕೊರೆದ ಹಲಗೆ ಎಣಿಕೆಗಾಗಿ ಹುಟ್ಟಿದ್ದು. ಸಂಗ್ರಹಕ್ಕಾಗಿಯೇ ಕುಳಿ ಕೊರೆದ ತಟ್ಟೆಗಳನ್ನು ಮಾಡಿ, ಬೀರುವಿನಲ್ಲಿ ಜೋಡಿಸುವ ಪದ್ಧತಿ ಯುರೋಪಿನಲ್ಲಿ ಬೆಳೆಯಿತು. ಅಲ್ಲಿ ಹಳೆಯ ನಾಣ್ಯಗಳ ಮೋಹವನ್ನು ಹಚ್ಚಿದವರಲ್ಲಿ ಒಬ್ಬ ಕವಿಯೂ ಇದ್ದನೆಂಬುದು ಸಾಹಿತ್ಯದವರಿಗೆ ಸಂತೋಷದ ಸಂಗತಿ. ಇಟಲಿಯ ಪೆತ್ರಾರ್ಕ ರೋಮಿನ ನಾಣ್ಯಗಳನ್ನು ಕೂಡಿಡುತ್ತಿದ್ದ. ೧೩೫೪ರಲ್ಲಿ ಮಾಂಟುವಾ ನಗರದಲ್ಲಿ ಚಕ್ರವರ್ತಿ ನಾಲ್ವಡಿ ಚಾರ್ಲ್ಸನನ್ನು ಕಂಡಾಗ, ಪ್ರಾಚೀನ ಚಕ್ರವರ್ತಿಗಳ ಮುಖವಿದ್ದ ಕೆಲವು ನಾಣ್ಯಗಳನ್ನು ಅವನಿಗೆ ಕಾಣಿಕೆಯಾಗಿ ಕೊಟ್ಟು, ಅವರಂತೆ ನಡೆದುಕೊಳ್ಳಬೇಕೆಂದು ಬುದ್ಧಿ ಹೇಳಿದನಂತೆ. ಮುಂದಿನ ಶತಮಾನಗಳಲ್ಲಿ ಅರಸರೂ ಪಂಡಿತರೂ ನಾಣ್ಯಗಳಿಗಾಗಿ ಚೆಂದದ ಮರದ ಬೀರುಗಳನ್ನು ಮಾಡಿಸಿದರು. ಆಗ ಒಂದು ವಿಚಿತ್ರ ಬೆಳಕಿಗೆ ಬಂತು. ಓಕ್ ಮರದ ಪೆಟ್ಟಿಗೆಗಳಲ್ಲಿಟ್ಟ ಸೀಸದ ನಾಣ್ಯಗಳೂ ಮುದ್ರೆಗಳೂ ಕ್ರಮೇಣ ಬಿಳಿಯ ಪುಡಿಯಾಗಿ ಉದುರತೊಡಗಿದವು. ಮರ ನೋಡಲು ಒಣಗಿದಂತಿದ್ದರೂ ಅದರಿಂದ ಹುಳಿಯಾದ ಆವಿ ಸದಾ ಹೊರಬೀಳುತ್ತಿರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಆ ಆವಿ ಸೀಸವನ್ನು ತಿನ್ನುತ್ತದೆ. ಅದಕ್ಕಾಗಿಯೇ ಬಲ್ಲವರು ಮಹಾಗನಿ ಮರವನ್ನು ಹುಡುಕಿಕೊಂಡು ಹೋದರು.

ಇದು ಪರದೇಶದ ಕಥೆಯೆಂದು ಬಿಡುವಂತಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ೧೯೨೯ರ ಸುಮಾರಿಗೆ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅಗೆತ ನಡೆಸಿದಾಗ ಶಾತವಾಹನರ ಕಾಲದ ನಾಣ್ಯಗಳು ಹೊರಬಂದವು. ಆ ಪ್ರದೇಶದ ಪ್ರಾಚೀನ ನಾಣ್ಯಗಳಲ್ಲಿ ಸೀಸದವು ಮುಖ್ಯವಾದವು. ಬ್ರಾಹ್ಮೀ ಅಕ್ಷರಗಳಲ್ಲಿ ‘ಸದಕಣ ಕಳಲಾಯ ಮಹಾರಠಿ’ ಎಂಬ ಹೆಸರನ್ನು ಹೊತ್ತ ನಾಣ್ಯಗಳೂ ಸೀಸದವೇ. ನಮ್ಮ ನೆಲವನ್ನು ಆಳಿದವರ ಹೆಸರುಗಳಲ್ಲಿ ಕೆಲವಕ್ಕೆ ಈ ಮೆತ್ತನೆಯ ಲೋಹವೇ ಆಧಾರ. ಇಂಥದೊಂದನ್ನು ಹಸಿಮರದ ಪೆಟ್ಟಿಗೆಯಲ್ಲೋ, ಅಂಟು ಹಾಕಿ ಮಾಡಿದ ಪ್ಲೈವುಡ್ಡಿನ ಡ್ರಾಯರಿನಲ್ಲೋ, ಸಾಧಾರಣ ರಟ್ಟಿನ ಡಬ್ಬಿಯಲ್ಲೋ ಮುಚ್ಚಿಟ್ಟು ಮರೆತರೆ, ಮೊಮ್ಮಕ್ಕಳಿಗೆ ಸಿಗುವುದು ಒಂದು ಚಿಟಿಕೆ ಬಿಳಿ ಪುಡಿ. ಮನೆಯಲ್ಲಿ ಇಡುವವರಿಗೆ ಬಣ್ಣ ಚೆನ್ನಾಗಿ ಒಣಗಿದ ಉಕ್ಕಿನ ಬೀರುವೇ ಮೇಲು.

ಇನ್ನು ನನ್ನ ಎರಡನೆಯ ತಪ್ಪಿಗೆ ಬರುತ್ತೇನೆ. ಅಜ್ಜಯ್ಯ ತೀರಿಕೊಂಡ ಮೇಲೆ ಪೆಟ್ಟಿಗೆ ನನ್ನ ಪಾಲಿಗೆ ಬಂತು. ನಾನು ಆಗಷ್ಟೇ ಕಾಲೇಜಿನಲ್ಲಿ ಅಧ್ಯಾಪಕನಾಗಿ ಸೇರಿದ್ದೆ. ಎಲ್ಲವನ್ನೂ ಶಾಸ್ತ್ರೀಯವಾಗಿ ಮಾಡಬೇಕೆಂಬ ಹುಮ್ಮಸ್ಸು. ಬಟ್ಟೆಯ ಗಂಟುಗಳು ನನಗೆ ಹಳ್ಳಿಗತನವಾಗಿ ಕಂಡವು. ಪೇಟೆಯಲ್ಲಿ ಮೆತ್ತನೆಯ, ಪಾರದರ್ಶಕವಾದ ಪ್ಲಾಸ್ಟಿಕ್ ಜೇಬುಗಳಿದ್ದ ಒಂದು ಆಲ್ಬಮ್ ಕೊಂಡುತಂದೆ. ಗಂಟುಗಳನ್ನೆಲ್ಲ ಬಿಚ್ಚಿ, ನಾಣ್ಯಗಳನ್ನು ರಾಜವಂಶದ ಪ್ರಕಾರ ವಿಂಗಡಿಸಿದೆ: ಇಕ್ಕೇರಿಯವರು ಒಂದು ಪುಟ, ಹೈದರ್ ಮತ್ತು ಟಿಪ್ಪು ಒಂದು ಪುಟ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳು ಒಂದು ಪುಟ. ನೋಡಲು ಬಹಳ ಚೆನ್ನಾಗಿತ್ತು. ಮೂರು ಮಳೆಗಾಲ ಕಳೆದ ಮೇಲೆ ತೆರೆದು ನೋಡುತ್ತೇನೆ, ತಾಮ್ರದ ಕಾಸುಗಳ ಮೇಲೆಲ್ಲ ಅಂಟಂಟಾದ ಹಸಿರು ಲೋಳೆ!

ಆ ಪ್ಲಾಸ್ಟಿಕ್ಕಿನ ಹೆಸರು ಪಿ. ವಿ. ಸಿ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ದ್ರವ್ಯವನ್ನು ಸೇರಿಸಿರುತ್ತಾರೆ. ಕಾಲ ಕಳೆದಂತೆ ಆ ದ್ರವ್ಯ ಹೊರಕ್ಕೆ ಒಸರುತ್ತದೆ. ಪ್ಲಾಸ್ಟಿಕ್ ತಾನೇ ಕೆಡುತ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಬಿಸಿಲು, ಸೆಕೆ, ತೇವ ಇದ್ದರೆ ಕೇಳುವುದೇ ಬೇಡ. ಗುರುತಿಸುವುದು ಕಷ್ಟವಲ್ಲ: ಹೊಸ ಮಳೆಯಂಗಿಯ ವಾಸನೆಯುಳ್ಳ, ಬಗ್ಗಿಸಿದರೆ ಸದ್ದಿಲ್ಲದೆ ಬಾಗುವ ಹಾಳೆಯಾದರೆ ದೂರವಿಡಿ. ಪಾಲಿಯೆಸ್ಟರ್ ಹಾಳೆ ಗರಿಗರಿಯಾಗಿರುತ್ತದೆ, ವಾಸನೆಯಿರುವುದಿಲ್ಲ, ಅದು ಒಳ್ಳೆಯದು. ಪಾಲಿಥೀನ್, ಪಾಲಿಪ್ರೊಪಿಲೀನ್ ಸಹ ಆಗಬಹುದು. ನಡುವೆ ಪಾಲಿಯೆಸ್ಟರಿನ ಕಿಟಕಿಯಿರುವ ಚೌಕನೆಯ ರಟ್ಟಿನ ಮಡಿಕೆಗಳು ಈಗ ಸುಲಭವಾಗಿ ದೊರೆಯುತ್ತವೆ. ಆದರೆ ಆಮ್ಲವಿಲ್ಲದ ರಟ್ಟಿನವನ್ನೇ ಕೇಳಿ ಕೊಳ್ಳಬೇಕು. ಸೀಸದ ನಾಣ್ಯಕ್ಕೆ ಮಾತ್ರ ರಟ್ಟಿನ ಸಹವಾಸವೇ ಬೇಡ. ಮಡಿಕೆಗೆ ಹೊಡೆದ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯದಂತೆ, ಪಕ್ಕದ ನಾಣ್ಯವನ್ನು ಗೀಚದಂತೆ ನೋಡಿಕೊಳ್ಳಬೇಕು. ಬೆಳ್ಳಿಗೆ ಗಂಧಕ ಶತ್ರು. ರಬ್ಬರ್ ಬ್ಯಾಂಡು, ಉಣ್ಣೆಬಟ್ಟೆ, ವೃತ್ತಪತ್ರಿಕೆಯ ತುಂಡು ಇವುಗಳ ಜೊತೆಯಲ್ಲಿಟ್ಟರೆ ಕಪ್ಪಾಗುತ್ತದೆ. ತಾಮ್ರ, ಕಂಚುಗಳಿಗೆ ತೇವ ಶತ್ರು. ಅವುಗಳ ಮೇಲೆ ತಿಳಿಹಸಿರಿನ ಸಡಿಲವಾದ ಪುಡಿ ಕಾಣಿಸಿಕೊಂಡರೆ, ಅದು ಪೊರೆಯಲ್ಲ, ರೋಗ. ಅಂಥ ನಾಣ್ಯವನ್ನು ಒಡನೆಯೇ ಬೇರೆಯಾಗಿಟ್ಟು, ಒಣಗಿದ ಜಾಗದಲ್ಲಿರಿಸಿ, ವಸ್ತುಸಂಗ್ರಹಾಲಯದ ರಸಾಯನ ತಜ್ಞರ ಸಲಹೆ ಕೇಳಬೇಕು. ನಮ್ಮ ಮಲೆನಾಡಿನಂಥ ಕಡೆ ಬೀರುವಿನಲ್ಲಿ ಸಿಲಿಕಾ ಜೆಲ್ ಹರಳುಗಳ ಪೊಟ್ಟಣ ಇರಲೇಬೇಕು. ನೀಲಿ ಹರಳು ತೇವ ಕುಡಿದಾಗ ಗುಲಾಬಿಯಾಗುತ್ತದೆ; ಹದವಾಗಿ ಬಿಸಿಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಇದೆಲ್ಲ ದೊಡ್ಡ ಖರ್ಚಿನ ಬಾಬಲ್ಲ.

ನನ್ನ ಕಾಸುಗಳ ಮೇಲಿನ ಲೋಳೆಯನ್ನು, ಬಲ್ಲವರೊಬ್ಬರು ಹೇಳಿದಂತೆ, ಕಿಟಕಿ ತೆರೆದಿಟ್ಟು, ಹತ್ತಿರದಲ್ಲಿ ಬೆಂಕಿಯಿಲ್ಲದಂತೆ ನೋಡಿಕೊಂಡು, ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆದೆ. ಉಜ್ಜಲಿಲ್ಲ. ಬಹುಮಟ್ಟಿಗೆ ಹೋಯಿತು. ಕೆಲವು ಕಾಸುಗಳ ಮೇಲೆ ಕಲೆ ಉಳಿಯಿತು. ಆ ತಪ್ಪನ್ನು ಅಷ್ಟರಮಟ್ಟಿಗೆ ತಿದ್ದಿಕೊಂಡೆ ಎನ್ನಬಹುದು. ತಿದ್ದಿಕೊಳ್ಳಲಾಗದ ತಪ್ಪು ಬೇರೆಯಿತ್ತು. ಗಂಟು ಬಿಚ್ಚಿದ ದಿನ ಬಟ್ಟೆಯ ತುಂಡುಗಳ ಜೊತೆಗೆ ಚೀಟಿಗಳನ್ನೂ ನಾನು ಒಲೆಗೆ ಹಾಕಿದ್ದೆ. ಅವುಗಳಲ್ಲಿ ರಾಜನ ಹೆಸರಿರಲಿಲ್ಲ, ತೇದಿಯಿರಲಿಲ್ಲ. ಯಾರ ತೋಟ, ಯಾವ ಕೆರೆ, ಎಷ್ಟು ಆಳ, ಜೊತೆಗೆ ಏನಿತ್ತು ಎಂಬುದಷ್ಟೇ ಅಜ್ಜಯ್ಯನ ಗುಂಡು ಅಕ್ಷರದಲ್ಲಿತ್ತು. ಇದರಿಂದ ಶಾಸ್ತ್ರಕ್ಕೇನು ಪ್ರಯೋಜನ ಎಂದುಕೊಂಡಿದ್ದೆ.

ಪ್ರಯೋಜನವನ್ನು ಯಶವಂತಪುರ ಹೇಳುತ್ತದೆ. ಟೈಬೀರಿಯಸನ ಬೆಳ್ಳಿನಾಣ್ಯ ಅಪರೂಪದ್ದಲ್ಲ. ಯುರೋಪಿನ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದರೆ ಅದು ರೋಮಿನ ಒಂದು ನಾಣ್ಯ, ಅಷ್ಟೆ. ಯಶವಂತಪುರದ ನೆಲದಲ್ಲಿ, ನೂರ ಅರವತ್ತಮೂರರ ರಾಶಿಯಲ್ಲಿ ಸಿಕ್ಕಿದ್ದರಿಂದ ಅದು ಕನ್ನಡನಾಡಿನ ಒಳನಾಡಿಗೂ ಕಡಲಾಚೆಯ ವ್ಯಾಪಾರಕ್ಕೂ ಇದ್ದ ಸಂಬಂಧದ ಸಾಕ್ಷಿಯಾಯಿತು. ಸಾಕ್ಷಿ ನುಡಿದದ್ದು ಬೆಳ್ಳಿಯಲ್ಲ, ಸ್ಥಳ. ನಮ್ಮ ಹಿಂದಿನವರಿಗೆ ಇದರ ಅರಿವಿತ್ತೋ ಏನೋ, ಶಾಸನಗಳಲ್ಲಿ ‘ಲೊಕ್ಕಿಗದ್ಯಾಣ’ ಎಂದು ಊರನ್ನು ಸೇರಿಸಿಯೇ ನಾಣ್ಯವನ್ನು ಹೆಸರಿಸಿದರು. ಲೊಕ್ಕಿಗುಂಡಿ ಎಂದರೆ ಇಂದಿನ ಲಕ್ಕುಂಡಿ. ಹುಟ್ಟಿದ ಊರು ನಾಣ್ಯದ ಮೈಮೇಲೆ ಇರಬಹುದು. ಬಂದು ಸೇರಿದ ಊರು ಮಾತ್ರ ಅದರ ಮೈಮೇಲೆ ಎಂದೂ ಇರುವುದಿಲ್ಲ. ಮನುಷ್ಯ ಬರೆದಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಹಣವೆಂದರೆ ಹೆಣವೂ ಬಾಯಿಬಿಡುತ್ತದೆ ಎಂಬ ಗಾದೆಯಿದೆ. ಆದರೆ ಹಣವೇ ಬಾಯಿಬಿಡಬೇಕಾದರೆ ಒಂದು ಚೀಟಿ ಬೇಕು.

ಆದಕಾರಣ, ಸಂಗ್ರಾಹಕನಿಗೆ ಬೇಕಾದ ಸಾಮಗ್ರಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕಾಗದವನ್ನೂ ಪೆನ್ಸಿಲನ್ನೂ ಬರೆದುಕೊಳ್ಳಿರೆಂದು ಬೇಡುತ್ತೇನೆ. ಆಮ್ಲವಿಲ್ಲದ ಕಾಗದ, ಪೆನ್ಸಿಲ್ ಏಕೆಂದರೆ ಅದರ ಬರಹ ತೇವಕ್ಕೆ ಹರಡುವುದಿಲ್ಲ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಎಂದು, ತೂಕ ಎಷ್ಟು, ಅಳತೆ ಎಷ್ಟು ಎಂದು ಬರೆಯಬೇಕು. ಅದೇ ವಿವರವನ್ನು ಒಂದು ಪುಸ್ತಕದಲ್ಲೂ ಬರೆದು, ನಾಣ್ಯದ ಎರಡೂ ಮುಖಗಳ ಭಾವಚಿತ್ರ ತೆಗೆದು, ಪುಸ್ತಕವನ್ನು ಬೇರೆ ಕಡೆ ಇಡಬೇಕು. ನೆಲದಲ್ಲಿ ಹೊಸದಾಗಿ ನಿಧಿ ಸಿಕ್ಕರೆ ಅದು ಸಂಗ್ರಾಹಕನ ಸ್ವತ್ತಲ್ಲವೆಂಬುದನ್ನೂ ಇಲ್ಲಿ ನೆನಪಿಸಬೇಕು. ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂದು ೧೯೬೨ರ ಕರ್ನಾಟಕ ನಿಧಿ ಕಾಯಿದೆ ಹೇಳುತ್ತದೆ. ಹಂಚಿಕೊಂಡು ಕರಗಿಸಿದರೆ ಚಿನ್ನ ಉಳಿದೀತು, ಚರಿತ್ರೆ ಉಳಿಯದು.

ಹೋದ ವರ್ಷ ಊರಿನ ಹಳೆಯ ಮನೆಯನ್ನು ತೆರವು ಮಾಡುವಾಗ ಅಜ್ಜಯ್ಯನ ದಿನವಹಿ ಪುಸ್ತಕವೊಂದು ಸಿಕ್ಕಿತು. ಅಡಕೆಯ ಲೆಕ್ಕ, ಆಳುಗಳ ಲೆಕ್ಕಗಳ ನಡುವೆ ಅಲ್ಲಲ್ಲಿ ಕಾಸುಗಳ ಮಾತು. ‘ಕೆಳಗಿನ ಕೆರೆ ತೂಬಿನ ಬುಡದಲ್ಲಿ ಆನೆ ದುಡ್ಡು ಮೂರು’ ಎಂಬಂಥ ಸಾಲುಗಳು. ನಲವತ್ತೊಂದರಲ್ಲಿ ಒಂಬತ್ತು ನಾಣ್ಯಗಳಿಗೆ ಹೀಗೆ ಅವುಗಳ ಊರು ಮರಳಿ ದೊರೆಯಿತು. ಆ ಒಂಬತ್ತಕ್ಕೂ ಹೊಸ ಚೀಟಿ ಬರೆದೆ. ಉಳಿದ ಮೂವತ್ತೆರಡಕ್ಕೆ ‘ಸಿಕ್ಕ ಸ್ಥಳ: ತಿಳಿಯದು’ ಎಂದು ಬರೆಯಲು ಹೊರಟೆ, ಮನಸ್ಸು ಒಪ್ಪಲಿಲ್ಲ. ಅದು ಸತ್ಯವಲ್ಲ. ತಿಳಿದಿತ್ತು. ‘ಚೀಟಿ ಇತ್ತು, ನನ್ನಿಂದ ನಾಶವಾಯಿತು’ ಎಂದು ಮೂವತ್ತೆರಡು ಸಲ ಬರೆದು, ಒಂದೊಂದರ ಕೆಳಗೂ ರುಜು ಹಾಕಿ, ನಾಣ್ಯದ ಜೊತೆ ಇಟ್ಟಿದ್ದೇನೆ.